ಅವಳು ಸುಮ್ಮನೆ ಕೂರುತ್ತಿದ್ದ ಚರ್ಚು

ಮಗಳು ಎಗ್ಮೋರಿನ ಕಾಲೇಜಿಗೆ ಸೇರಿದ ವರ್ಷ, ಯಾರು ಎಲ್ಲಿದ್ದಾರೆಂದು ತೋರಿಸುವ ಆ್ಯಪ್ ಒಂದನ್ನು ನನ್ನ ಗಂಡ ಮನೆಯವರೆಲ್ಲರ ಫೋನಿಗೂ ಹಾಕಿದರು. ಮಳೆಗೆ ರಸ್ತೆಯೆಲ್ಲ ಮುಳುಗಿ ಅವಳು ತುಂಬ ತಡವಾಗಿ ಮನೆ ಸೇರಿದ ದಿನ ಅವರು ಪಟ್ಟ ಸಂಕಟವನ್ನು ನಾನು ಕಂಡಿದ್ದೆ. ಬೇಡ ಎನ್ನಲಿಲ್ಲ. ಮಗಳೂ ಒಪ್ಪಿದಳು.

ಕೆಲವು ತಿಂಗಳ ಮೇಲೆ ಊಟಕ್ಕೆ ಕೂತಾಗ ಅವರು ಮಗಳನ್ನು, ವಾರದ ನಡುವೆ ಮಧ್ಯಾಹ್ನ ಚರ್ಚಿನಲ್ಲಿ ನಿನಗೇನು ಕೆಲಸ ಎಂದು ಕೇಳಿದರು. ಸುಮ್ಮನೆ ಕೂತಿರುತ್ತೇನೆ ಎಂದಳು. ಯಾರ ಜೊತೆ ಎಂದರು. ಯಾರ ಜೊತೆಯೂ ಅಲ್ಲ ಎಂದು ಹೇಳಿ ಅರ್ಧ ಊಟದಲ್ಲೇ ಕೈ ತೊಳೆದಳು.

ಅದು ನಿಜವೇ ಆಗಿತ್ತು. ಚರ್ಚಿನ ವಾಚ್‌ಮನ್‌ನನ್ನು ವಿಚಾರಿಸಿ ಬಂದ ಗಂಡನಿಗೆ ಹಿಡಿಸಲಾರದಷ್ಟು ಸಂತೋಷ. ಮಗಳು ಒಬ್ಬಳೇ ಹೋಗಿ ಪ್ರಾರ್ಥನೆಗೆ ಕೂರುತ್ತಾಳೆ ಎಂದು ನಮ್ಮ ಕನ್ನಡ ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರು. ಉಡುಪಿ, ಮಂಗಳೂರು ಕಡೆಯಿಂದ ಬಂದು ಚೆನ್ನೈಯಲ್ಲಿ ನೆಲೆಸಿದ ಕೆಲವೇ ಕ್ರೈಸ್ತ ಕುಟುಂಬಗಳ ಸಭೆ ನಮ್ಮದು. ಮುಂದಿನ ಭಾನುವಾರ ಪಾದ್ರಿಗಳು ಪ್ರಸಂಗದ ನಡುವೆ ಅವಳನ್ನು ಯುವಕರಿಗೆಲ್ಲ ಮಾದರಿ ಎಂದರು. ಆರಾಧನೆಯನ್ನು ನೇರ ಪ್ರಸಾರ ಮಾಡುವ ಕ್ಯಾಮೆರಾ ಅವಳತ್ತ ತಿರುಗಿತು. ಅವಳು ತಲೆ ತಗ್ಗಿಸಿದಳು. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಆಮೇಲೆ ಮಧ್ಯಾಹ್ನ ಚರ್ಚಿಗೆ ಹೋಗುವುದನ್ನು ಬಿಟ್ಟಳು. ಕ್ರಮೇಣ ಭಾನುವಾರವೂ ತಪ್ಪಿತು. ಒಂದು ದಿನ ಬಟ್ಟೆ ಮಡಿಸುತ್ತಾ ಯಾಕೆಂದು ಕೇಳಿದೆ. ನನ್ನ ಕನ್ನಡಕ್ಕೆ ಸದಾ ತಮಿಳಿನಲ್ಲಿ ಉತ್ತರ ಕೊಡುವವಳು ಆವತ್ತು ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು.

"ನಂಗೆ ನಂಬಿಕೆ ಉಂಟಾ ಇಲ್ವಾ ಅಂತ ನಂಗೇ ಗೊತ್ತಿರ್ಲಿಲ್ಲ, ಅಮ್ಮ. ಅದನ್ನು ಕೇಳ್ಲಿಕ್ಕೇ ಹೋಗ್ತಿದ್ದೆ. ದೇವರ ಹತ್ರ, ನಂಬಿಕೆ ಇಲ್ಲ ಅಂತ್ಲೂ ಹೇಳ್ಬಹುದಿತ್ತು. ಈಗ ನೀವೆಲ್ಲ ಸೇರಿ ಉಂಟು ಅಂತ ಹೇಳಿ ಆಯ್ತಲ್ಲ."



ಆ ಆ್ಯಪ್ ತೆಗೆದುಬಿಡಿ ಎಂದು ಗಂಡನನ್ನು ಬೇಡಿಕೊಂಡೆ.

"ಮುಚ್ಚಿಡ್ಲಿಕ್ಕೆ ಏನುಂಟು? ದೇವರು ನಮ್ಮನ್ನು ನೋಡುದಿಲ್ವಾ?" ಎಂದರು.

"ನೋಡ್ತಾನೆ. ನೋಡಿದ್ದನ್ನು ಗುಂಪಿಗೆ ಹಾಕುದಿಲ್ಲ" ಎಂದೆ.

ಅವರು ಕೆಟ್ಟವರಲ್ಲ. ಅಂದು ಮಂಡಿಯೂರಿ ಪ್ರಾರ್ಥಿಸುತ್ತಾ ಅತ್ತರು. ಆ್ಯಪ್ ಮಾತ್ರ ಹಾಗೇ ಉಳಿಯಿತು.

ಒಮ್ಮೆ ಫೋನನ್ನು ಮನೆಯಲ್ಲೇ ಬಿಟ್ಟು, ಅವಳು ಕೂರುತ್ತಿದ್ದ ಬೆಂಚಿಗೆ ಹೋಗಿ ಕೂತೆ. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ಫ್ಯಾನಿನ ಸದ್ದು. ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬರಲಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ನಾಳೆ ಮೆಚ್ಚಿಕೊಳ್ಳುತ್ತಾರೆ ಎಂಬ ಅಂಜಿಕೆ ನನ್ನನ್ನೂ ಹಿಡಿದಿತ್ತು. ಎದ್ದು ಬಂದೆ.

ಈಗ ಅವಳಿಗೆ ಕೆಲಸವಿದೆ, ನಮ್ಮ ಜೊತೆಯೇ ಇದ್ದಾಳೆ. ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ದಾರಿ ತಪ್ಪಿದ ಮಗಳಿಗಾಗಿ ಸಭೆಯ ಗುಂಪಿನಲ್ಲಿ ಪ್ರಾರ್ಥನೆ ನಡೆಯುತ್ತಲೇ ಇದೆ. ಅವಳು ತಿರುಗಿ ಬರಲಿ ಎಂದು ಬೇಡುವುದಕ್ಕೆ ನನಗೆ ಮಾತ್ರ ಮನಸ್ಸಾಗುವುದಿಲ್ಲ. ಬಂದರೆ ಅವಳು ಎಲ್ಲಿ ಕೂತುಕೊಳ್ಳಬೇಕು?