ಯಾರ ಜಾಗದಲ್ಲಾದರೂ ಆಡುತ್ತಿದ್ದವನು

ನಚಿಕೇತ ಆ ದಿನ ಕೂಗಿದನೋ ಇಲ್ಲವೋ, ನಾನು ಆಣೆ ಇಟ್ಟು ಹೇಳಲಾರೆ. ಅಲ್ಲೇ ಇದ್ದೆ. ಆದರೆ ನಿಜಕ್ಕೂ ಕೇಳಿಸಿದ್ದು ಯಾವುದು, ಆಮೇಲೆ ಯೋಚಿಸಿ ಯೋಚಿಸಿ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಈಗ ಬೇರ್ಪಡಿಸಲು ಆಗುತ್ತಿಲ್ಲ.

ಹ್ಯೂಸ್ಟನ್ನಿನಲ್ಲಿ ಓದುವಾಗ ನಾನು ಪಕ್ಕದ ಶುಗರ್ ಲ್ಯಾಂಡಿನಲ್ಲಿ ನಚಿಕೇತನ ಮನೆಯವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಲ್ಲೇ ಹುಟ್ಟಿ ಬೆಳೆದ ಅವನು ಡಲ್ಲಾಸ್ ಹತ್ತಿರದ ಸಣ್ಣ ತಂಡವೊಂದರಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡುತ್ತಿದ್ದ. ತಂಡದವರ ಬಾಯಲ್ಲಿ ಅವನು ‘ನ್ಯಾಚೊ’. ಮೈದಾನದಲ್ಲಿ ಅವನಿಗೆ ಸ್ವಂತ ಜಾಗ ಇರಲಿಲ್ಲ. ಬೇಸಿನ ಬಳಿ, ಮೈದಾನದಂಚಿನ ಬೇಲಿಯ ಹತ್ತಿರ, ಬ್ಯಾಟ್ ಹಿಡಿದವನ ಹಿಂದೆ ಕ್ಯಾಚರ್ ಆಗಿ, ಸೋಲು ಖಚಿತವಾದ ದಿನ ಚೆಂಡೆಸೆಯುವ ಪಿಚರ್ ಆಗಿ, ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದ. ಕಾರಿನ ಹಿಂದೆ ಒಂದೊಂದು ಜಾಗಕ್ಕೆ ಒಂದೊಂದು ಗ್ಲೌಸು. ಇಡೀ ಕಾರು ಬೆವರಿದ ಚರ್ಮದ ವಾಸನೆ ಹೊಡೆಯುತ್ತಿತ್ತು.

“ಏನೋ, ಇವತ್ತೆಲ್ಲಿ ನಿಲ್ಲಿಸಿದ್ರು?” ಎಂದು ಅವನ ತಾಯಿ ಸರೋಜಾ ಆಂಟಿ ಫೋನಿನಲ್ಲಿ ಕೇಳುತ್ತಿದ್ದರು.

“ಯಾರಿಗೆ ಪೆಟ್ಟಾಯ್ತೋ ಅವರ ಪ್ಲೇಸಲ್ಲಿ ಅಮ್ಮ. ಅವರ ಕಾಲು ಮುರಿದ್ರೆ ನಂಗೆ ಜಾಬ್.”

ನಗುತ್ತಲೇ ಹೇಳುತ್ತಿದ್ದ. ಅವನು ಆಡಿದ ಕೊನೆಯ ವರ್ಷ ಮಾತ್ರ ನಗಲಿಲ್ಲ. ಸೀಸನ್ ಮುಗಿಯುವುದರೊಳಗೆ ಒಂದು ಖಾಯಂ ಜಾಗ ಹಿಡಿಯದಿದ್ದರೆ ಮನೆಗೆ ಹೋಗು ಎಂದು ಮ್ಯಾನೇಜರ್ ಹೇಳಿದ್ದ.

ಒಂದು ಭಾನುವಾರ ನಾನೂ ಆಂಟಿಯೂ ಪಂದ್ಯ ನೋಡಲು ಹೋದೆವು. ಅವನ ರೂಮ್‌ಮೇಟ್ ಲೂಯಿಸ್ ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸುಗಳ ನಡುವಿನ ಆ ಜಾಗ ಅವನದೇ. ನಚಿಕೇತ ಅವನ ಹಿಂದೆ, ದೂರದಲ್ಲಿ. ಚೆಂಡು ಇಬ್ಬರ ನಡುವೆ ಮೇಲೆದ್ದಿತು. ಹಿಂದಿನಿಂದ ಓಡಿ ಬರುವವನು ‘ನನ್ನದು’ ಎಂದು ಕೂಗಬೇಕು, ಮುಂದಿನವನು ಸರಿಯಬೇಕು. ಲೂಯಿಸ್ ಸರಿಯಲಿಲ್ಲ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದರು. ನಚಿಕೇತ ಎದ್ದ. ಲೂಯಿಸನ ಮಂಡಿ ತಿರುಚಿಕೊಂಡಿದ್ದ ರೀತಿ ನೋಡಿ ಆಂಟಿ ಮುಖ ತಿರುಗಿಸಿದರು.

ಪಾರ್ಕಿಂಗ್ ಲಾಟಿನಲ್ಲಿ ಕೇಳಿದರು, “ನೀನು ಕೂಗಿದ್ಯೇನೋ?”

“ಕೂಗ್ದೆ ಅಮ್ಮ.”

“ನಂಗೆ ಕೇಳಿಸ್ಲೇ ಇಲ್ವಲ್ಲೋ.”

“ಅಷ್ಟು ದೂರ ಹೇಗೆ ಕೇಳ್ಸತ್ತೆ? ಕಮಾನ್, ಅಮ್ಮ!”

ಕೊನೆಯ ಸಲ ಅವನನ್ನು ಕಂಡದ್ದು ಸೀಸನ್ ಮುಗಿದ ಮೇಲೆ, ಆಸ್ಟಿನ್ನಿನಲ್ಲಿ, ಮಕ್ಕಳಿಗೆ ಬ್ಯಾಟಿಂಗ್ ಕಲಿಸುವ ತಗಡಿನ ಶೆಡ್ಡೊಂದರಲ್ಲಿ. ಆಟ ಬಿಟ್ಟಿದ್ದ, ಮುಂದಿನ ಸೀಸನ್ನಿಗೆ ತಂಡ ಕರೆದರೂ ಒಪ್ಪಿರಲಿಲ್ಲ. ಮುಖ ಇಳಿದುಹೋಗಿತ್ತು.

“ಲೂಯಿಸ್ ನನ್ ಫೋನ್ ಎತ್ತಲ್ಲ. ನೀನು ಅಲ್ಲಿದ್ಯಲ್ಲ, ನಿಂಗೆ ಕೇಳಿಸ್ತಾ?”

“ಗೊತ್ತಿಲ್ಲ ಕಣೋ.”

“ನಂಗೂ ಗೊತ್ತಿಲ್ಲ,” ಎಂದ.

ಆ ಚಳಿಗಾಲದಲ್ಲಿ ಹೆದ್ದಾರಿಯಲ್ಲಿ ಕಾರು ಕಂಬಕ್ಕೆ ಹೊಡೆದು ತೀರಿಕೊಂಡ. ಎದುರಿಗೆ ಬೇರೆ ಗಾಡಿ ಇರಲಿಲ್ಲ.

ಆಮೇಲೆ ನಾನು ಆ ವರ್ಷದ ಪಂದ್ಯಗಳ ವಿಡಿಯೊಗಳನ್ನು ಹುಡುಕಿ ನೋಡಿದೆ. ಖಚಿತವಾದದ್ದು ಒಂದೇ. ಲೂಯಿಸ್ ಬಿದ್ದ ಮರುದಿನದಿಂದ ಸೀಸನ್ ಮುಗಿಯುವವರೆಗೂ ಲೂಯಿಸನ ಜಾಗದಲ್ಲಿ ನಚಿಕೇತನೇ ನಿಂತಿದ್ದ. ಅಷ್ಟು ಚೆನ್ನಾಗಿ ಅವನು ಬೇರೆಲ್ಲೂ ಆಡಿರಲಿಲ್ಲ.