ಸಬರ್ ಎಂದುಕೊಂಡಿದ್ದೆವು

ಇದ್ದತ್ತಿನ ಮೂರನೆಯ ವಾರ. ಮಗಳು ಸಾನಿಯಾಳ ಜಡೆ ಹೆಣೆಯುತ್ತಿದ್ದೆ. ಅರ್ಧಕ್ಕೆ ಕೈ ನಿಂತಿತು. ಮುಂದೆ ಯಾವ ಎಳೆ ಹಿಡಿಯಬೇಕೆಂದು ತಿಳಿಯಲಿಲ್ಲ. ಅವಳು ಹಾಗೇ ಎದ್ದು ಶಾಲೆಗೆ ಹೋದಳು.

ನನ್ನ ಗಂಡ ದಾಂಡೇಲಿಯಲ್ಲಿ ಬೈಕ್ ಗ್ಯಾರೇಜು ನಡೆಸುತ್ತಿದ್ದರು. ಹೃದಯಾಘಾತದಿಂದ ಹೋದರು. ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುತ್ತಾರೆ, ಅದೇ ಇದ್ದತ್ತು. ಅದರ ಮೇಲೆ ನನ್ನ ದೂರಿಲ್ಲ. ಆದರೆ ಉಣ್ಣದೆ, ಮಾತಾಡದೆ, ಗೋಡೆಗೆ ಮುಖ ಮಾಡಿ ಮಲಗಿದ ಹೆಂಗಸು ಆ ದಿನಗಳಲ್ಲಿ ಯಾರಿಗೂ ರೋಗಿಯಂತೆ ಕಾಣುವುದಿಲ್ಲ. ನನಗೂ ಕಾಣಲಿಲ್ಲ.

“ಸಬರ್ ಅಂದ್ರ ಇದು ನೋಡ್ರಿ,” ಎಂದು ಅತ್ತೆ ಬಂದವರೆದುರು ನನ್ನ ತಾಳ್ಮೆಯನ್ನು ಹೊಗಳುತ್ತಿದ್ದರು.

ಇದ್ದತ್ತು ಮುಗಿಯಿತು. ನಾನು ಏಳಲಿಲ್ಲ.

“ದಾದಿ, ಅಮ್ಮಿದು ಸಬರ್ ಅಲ್ಲ,” ಎಂದು ಸಾನಿಯಾ ಅಜ್ಜಿಗೆ ಹೇಳಿದಳು. “ನಾಕ್ ದಿನ ಆತು, ಹಲ್ಲ ತಿಕ್ಕಿಲ್ಲ.”

ಹಳಿಯಾಳದ ಆಸ್ಪತ್ರೆಗೆ ವಾರಕ್ಕೊಮ್ಮೆ ಸೈಕಿಯಾಟ್ರಿಸ್ಟ್ ಬರುತ್ತಾರೆಂದು ಅವಳೇ ವಿಚಾರಿಸಿಕೊಂಡು ಬಂದಳು. ಬಸ್ಸಿನಲ್ಲಿ ಅತ್ತೆ ಪಿಸುಗುಟ್ಟಿದರು: “ಯಾರರ ಕೇಳಿದ್ರ ಮೊಣಕಾಲ ನೋವು ಅನ್ನೂಣು. ನನ್ನ ಮೊಣಕಾಲಂತೂ ನೋಯತಾವ, ಸುಳ್ಳ ಹೇಳಿದಂಗ ಆಗೂದಿಲ್ಲ.”

ಡಾಕ್ಟರು ನಿದ್ದೆ ಕೇಳಿದರು, ಹಸಿವು ಕೇಳಿದರು. ಆಮೇಲೆ, “ಬದುಕೂದ ಬ್ಯಾಡ ಅನಸ್ತೈತೇನ್ರಿ?”

“ಬೆಳಗಾಗದಿದ್ರ ಸಾಕು ಅನಸ್ತೈತ್ರಿ.”

ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು.

ದುಃಖದಲ್ಲಿದ್ದವರಿಗೂ ನಡುನಡುವೆ ಹಸಿವಾಗುತ್ತದೆ, ಮಗುವಿನ ಮಾತಿಗೆ ನಗು ಬರುತ್ತದೆ. ನಿಮಗೆ ಎರಡೂ ಇಲ್ಲ, ಇದು ಡಿಪ್ರೆಶನ್, ಇದಕ್ಕೆ ಔಷಧವಿದೆ ಎಂದರು ಡಾಕ್ಟರು. ಗುಳಿಗೆಯ ಗುಣ ಕಾಣಲು ಕೆಲವು ವಾರ ಬೇಕು, ನಾವಾಗಿ ನಿಲ್ಲಿಸಬಾರದು, ಜೊತೆಗೆ ಕೌನ್ಸೆಲಿಂಗ್‌ಗೂ ಬರಬೇಕು. ನನ್ನನ್ನು ಒಬ್ಬಳನ್ನೇ ಬಿಡಬೇಡಿರೆಂದು ಅತ್ತೆಗೆ ಹೇಳಿದರು.

ಎರಡು ವಾರ ನಾನು ಗುಳಿಗೆ ನುಂಗಲಿಲ್ಲ. ನಾಲಿಗೆಯಡಿ ಇಟ್ಟುಕೊಂಡು, ಅತ್ತೆ ಆಚೆ ತಿರುಗಿದಾಗ ಉಗುಳುತ್ತಿದ್ದೆ. ಗಂಡನಿಂದ ನನಗೆ ಉಳಿದದ್ದು ಈ ಭಾರವೊಂದೇ. ಇದೂ ಕರಗಿದರೆ ಅವರು ಪೂರ್ತಿ ಹೋಗಿಬಿಡುತ್ತಾರೆ ಎಂಬ ಹೆದರಿಕೆ.

ಮುಂದಿನ ಭೇಟಿಯಲ್ಲಿ ಅದನ್ನು ಹೇಳಿಬಿಟ್ಟೆ. ಡಾಕ್ಟರು ಬೈಯಲಿಲ್ಲ. “ಕಣ್ಣ ಮುಚ್ಚಿ ಅವ್ರ ಮಾರಿ ನೆನಪ ಮಾಡ್ಕೊಳ್ರಿ,” ಎಂದರು.

ಬರಲಿಲ್ಲ.

ಹದಿನಾರು ವರ್ಷ ದಿನವೂ ನೋಡಿದ ಮುಖ. ನಾನು ಹಿಡಿದಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಮನುಷ್ಯನನ್ನು ಈ ಕಾಯಿಲೆ ಆಗಲೇ ಒಯ್ದಿತ್ತು.

ಅಂದಿನಿಂದ ನುಂಗಿದೆ. ಮೊದಲು ಬರೀ ವಾಕರಿಕೆ, ಒಣಗಿದ ಬಾಯಿ. ಡೋಸ್ ಹೆಚ್ಚಿಸಿದರು. ಏನೂ ಆಗಲಿಲ್ಲ. ಆರನೆಯ ವಾರ, ಪಾತ್ರೆ ತೊಳೆಯುತ್ತಿದ್ದಾಗ, ಅವರು ಗ್ರೀಸ್ ಹತ್ತಿದ ಕೈಗಳನ್ನು ದೂರ ಹಿಡಿದು ಮೊಣಕೈಯಿಂದ ನಲ್ಲಿ ತಿರುಗಿಸುತ್ತಿದ್ದುದು ಕಣ್ಣಿಗೆ ಬಂತು. ಮುಖವೂ ಬಂತು. ಅಲ್ಲೇ ಕುಸಿದು ಕೂತು, ಓಣಿಗೆಲ್ಲ ಕೇಳುವಂತೆ ಅಳತೊಡಗಿದೆ.

“ಯಾ ಅಲ್ಲಾ, ಗುಳಿಗಿ ಹೆಚ್ಚಾತೇನ?” ಎನ್ನುತ್ತ ಅತ್ತೆ ಓಡಿಬಂದರು. ನನ್ನ ಮುಖ ನೋಡಿ ಅವರೂ ಪಕ್ಕದಲ್ಲಿ ಕೂತರು.

ಈಗಲೂ ಬೆಳಗಿನ ಹೊತ್ತು ಮೈ ಏಳುವುದಿಲ್ಲ. ಗುಣವಾಗುತ್ತೇನೆಂಬ ನಂಬಿಕೆ ಇನ್ನೂ ಬಂದಿಲ್ಲ. ಅವರು ಇಲ್ಲ ಎನ್ನುವುದು ಮಾತ್ರ ತಿಳಿಯುತ್ತಿದೆ. ಇಷ್ಟು ತಿಂಗಳು ಅದೂ ತಿಳಿದಿರಲಿಲ್ಲ.