ನಿಜಾಮುದ್ದೀನ್ ಒರೆಸದೆ ಬಿಟ್ಟ ರಕ್ತನಾಳ

ಬೆಳಗಿನ ಐದೂವರೆ. ನಾಗಮಂಗಲದ ಮಟನ್ ಅಂಗಡಿಯೊಂದರ ಹಿತ್ತಲಲ್ಲಿ ನಿಜಾಮುದ್ದೀನ್ ಮುದಿ ಕುರಿಯೊಂದರ ಬಾಯಿ ಬಿಡಿಸಿ ಟಾರ್ಚ್ ಹಾಕಿ ನೋಡುತ್ತಿದ್ದಾರೆ. ಎಂಟೂ ಹಲ್ಲು ಸವೆದಿವೆ, ಎರಡು ಅಲ್ಲಾಡುತ್ತಿವೆ. "ಇದು ಎಂಟೂ ಹಲ್ಲು ಬಂದು ಬಾಯಿಗೂಡಿ ಯಾವ ಕಾಲ ಆಯ್ತೋ! ಆರು ವರ್ಸಕ್ಕೆ ಕಮ್ಮಿ ಇಲ್ಲ ಬುಡಿ ಸಾರ್" ಎನ್ನುವಾಗ ಅವರ ಮುಖ ಊರಗಲವಾಗುತ್ತದೆ. ಮುದಿ ಕುರಿ ಸಿಕ್ಕಿತೆಂದು ಹಿಗ್ಗುವ ಮಟನ್ ಅಂಗಡಿಯವರನ್ನು ಪೇಪರಿಗೆ ಇವರ ಬಗ್ಗೆ ಬರೆಯಲು ಬಂದ ನಾನಂತೂ ಬೇರೆಲ್ಲೂ ಕಂಡಿಲ್ಲ. ಇದಕ್ಕಾಗಿ ಅವರು ಮೂರು ವಾರ ಸಂತೆ ಸಂತೆ ಅಲೆದಿದ್ದಾರೆ.

ಗಿರಾಕಿಗಳಿಗೆ ಎಳೆ ಮಾಂಸ ಬೇಕು. ಈ ಕುರಿ ಬೇಕಾಗಿರುವುದು ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಬೆಳ್ಳೂರು ಕ್ರಾಸ್ ಹತ್ತಿರದ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿರುವ ಚೈತನ್ಯ ಅವರಿಗೆ. ಅಕ್ಕಿಹೆಬ್ಬಾಳಿನ ಈ ಹುಡುಗಿಗೆ ಕುರಿಯ ಗುಂಡಿಗೆಯಿಂದ ಹೊರಡುವ ದಪ್ಪ ರಕ್ತನಾಳ ಬೇಕು, ಅದೂ ಬಿಸಿ ಆರುವ ಮೊದಲೇ ತಣ್ಣನೆಯ ದ್ರಾವಣಕ್ಕೆ ಬಿದ್ದದ್ದು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು, ಮುದಿ ಕುರಿಯ ನಾಳ ಇನ್ನೊಂದು ಬಾಕಿ. ಇಂದಿನದು ಕೆಟ್ಟರೆ ಇನ್ನೊಂದು ಹುಡುಕಲು ದಿನವಿಲ್ಲ.

ಅವರು ಹುಡುಕುತ್ತಿರುವುದೇನು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ. ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳ್ಳಗಿನ ಪದರವಿದೆ. ಅದರಲ್ಲಿರುವ ಕೆಲವು ಪ್ರೋಟೀನ್‌ಗಳ ಕೆಲಸ ಸುದ್ದಿ ಮುಟ್ಟಿಸುವುದು. ರಕ್ತದಲ್ಲಿ ಬಂದ ಸೂಚನೆಯನ್ನು ಒಂದು ಹಿಡಿದುಕೊಂಡು ಇನ್ನೊಂದಕ್ಕೆ ದಾಟಿಸುತ್ತದೆ, ಕೊನೆಯದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ. ಅನಿಲ ಸುತ್ತಲಿನ ಸ್ನಾಯುವನ್ನು ತಲುಪಿದಾಗ ಸ್ನಾಯು ಬಿಗಿ ಬಿಡುತ್ತದೆ, ನಾಳ ಅಗಲವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ವಯಸ್ಸಾದಂತೆ ಈ ಸುದ್ದಿ ಎಲ್ಲಿ ನಿಧಾನವಾಗುತ್ತದೆ ಎಂಬುದು ಚೈತನ್ಯರ ಪ್ರಶ್ನೆ. ಅದಕ್ಕೇ ಎಳೆ ಕುರಿ, ಮುದಿ ಕುರಿ ಎರಡೂ ಬೇಕು. ಕುರಿಗೆ ಜನನ ಪ್ರಮಾಣಪತ್ರ ಇಲ್ಲವಲ್ಲ, ಹಲ್ಲು ಎಣಿಸಿ ಡಬ್ಬಿಯ ಮೇಲೆ ಎರಡು, ನಾಲ್ಕು, ಎಂಟು ಎಂದು ಬರೆದು ಕಳಿಸುವ ನಿಜಾಮುದ್ದೀನರೇ ಆ ಇಲಾಖೆ.

ಐವತ್ತೆಂಟರ ನಿಜಾಮುದ್ದೀನ್ ಕತ್ತಿ ಹಿಡಿದದ್ದು ಹದಿನೈದನೇ ವಯಸ್ಸಿಗೆ. ವಾರದ ದಿನ ಮೂರು ಕುರಿ, ಭಾನುವಾರ ಹನ್ನೆರಡು. ಅವರ ಅಂಗಡಿಯ ಕಲ್ಲಿನ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು, ಅಷ್ಟು ಚೊಕ್ಕಟ. ಎಡವಟ್ಟಾದದ್ದೂ ಆ ಚೊಕ್ಕಟದಿಂದಲೇ.

ಮೂರು ವರ್ಷದ ಹಿಂದೆ, ಮೊದಲ ಆರು ತಿಂಗಳು, ನಲವತ್ತೊಂದು ನಾಳ ಬಸ್ಸಿನಲ್ಲಿ ಹೋದವು. ಲ್ಯಾಬಿನಲ್ಲಿ ಉಂಗುರದಂತೆ ಕತ್ತರಿಸಿ ಕೊಕ್ಕೆಗೆ ತೂಗುಹಾಕಿ ಬಿಗಿಸುವ ಔಷಧಿ ಬಿಟ್ಟರೆ ಎಲ್ಲವೂ ಬಿಗಿಯಾಗುತ್ತಿದ್ದವು, ಸಡಿಲಿಸುವ ಔಷಧಿಗೆ ಒಂದೂ ಸಡಿಲವಾಗುತ್ತಿರಲಿಲ್ಲ. ಚೈತನ್ಯ ಔಷಧಿ ಬದಲಿಸಿದರು, ನೀರು ಬದಲಿಸಿದರು. ಕೊನೆಗೆ ವಿಷಯವನ್ನೇ ಬದಲಿಸು ಎಂದು ಮಾರ್ಗದರ್ಶಕರು ಗದರಿದರು. ಚೈತನ್ಯ ಒಂದು ದಿನ ಬೆಳಗಿನ ಮೊದಲ ಬಸ್ಸು ಹತ್ತಿ ಅಂಗಡಿಗೇ ಬಂದರೆ ನಿಜಾಮುದ್ದೀನ್ ನಾಳದೊಳಗೆ ಬಿಳಿ ಬಟ್ಟೆ ಸುತ್ತಿದ ಕಿರುಬೆರಳು ತೂರಿಸಿ ತಿಕ್ಕುತ್ತಿದ್ದಾರೆ!

"ಓದೋ ಮಕ್ಳ ಕೈಗೆ ಕೊಳಕು ಕೊಡಾದಾ ಸಾರ್? ಪಳಪಳಾ ಅನ್ನಂಗೆ ಮಾಡಿ ಕಳಿಸ್ತಿದ್ದೆ. ಆಯಮ್ಮ ಮೆಟ್ಲು ಮೇಲೆ ಕುಂತು ಅಳಾಕೆ ಸುರು ಮಾಡ್ಬುಟ್ಲು. ಬೇಕಾಗಿದ್ದ ಪದರನೇ ನಾನು ದಿನಾ ತಿಕ್ಕಿ ಮೋರಿಗೆ ಬುಡ್ತಿದ್ದೆ ಅಂತ ಆಮೇಲೆ ಗೊತ್ತಾಯ್ತು. ತೌಬಾ!"

ಅವತ್ತು ಅವರು ಊಟ ಮಾಡಲಿಲ್ಲ ಎಂದು ಹೇಳಿದವರು ಹೆಂಡತಿ ಬಷೀರುನ್ನೀಸಾ. "ನನ್ ಬೀಪಿ ನೂರೆಪ್ಪತ್ತಾದಾಗ್ಲೂ ಬಿರಿಯಾನಿ ತಿಂದವ್ರೆ. ಕುರಿ ನಳಿಗೋಸ್ಕರ ಉಪಾಸ ಇದ್ರು ನೋಡಿ!" ಎಂದು ನಗುತ್ತಾರೆ. ತಮ್ಮ ಬೀಪಿ ಮಾತ್ರೆಯನ್ನು ಮರೆಯದೆ ನುಂಗುವುದನ್ನು ಮಾತ್ರ ಆಕೆ ಆಮೇಲೆ ಕಲಿತರಂತೆ.

ಅಂದಿನಿಂದ ನಿಜಾಮುದ್ದೀನ್ ನಾಳವನ್ನು ಹೊರಗಿನ ಕೊಬ್ಬು ಹಿಡಿದೇ ಎತ್ತುತ್ತಾರೆ. ಒಳಗೆ ಬೆರಳಿಲ್ಲ, ನಲ್ಲಿ ನೀರಿಲ್ಲ. "ತೊಳೀದೆ ಬುಡಾದು ಅಂದ್ರೆ ಈಗ್ಲೂ ಕೈ ತುರಿಸ್ತದೆ" ಎನ್ನುತ್ತಾರೆ. ಬಸ್ಸಿನ ಕುಲುಕಾಟ ನಂಬದೆ ಐಸಿನ ಡಬ್ಬಿಯನ್ನು ಮೊಪೆಡ್ಡಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತಾವೇ ಒಯ್ಯುತ್ತಾರೆ. ಕಾಲೇಜಿನ ಗೇಟಿನಾಚೆ ಮಾತ್ರ ಕಾಲಿಟ್ಟವರಲ್ಲ. ಬಟ್ಟೆ ವಾಸನೆ ಬರುತ್ತದೆಂಬ ಸಂಕೋಚ.

ಇಂದು ಗೇಟಿನಲ್ಲೇ ಕಾದಿದ್ದ ಚೈತನ್ಯ ಬಿಡುವುದಿಲ್ಲ. "ಕೊನೇದು ಕಣ್ ಚಾಚಾ, ನೀವಿಲ್ದೆ ಹಾಕಲ್ಲ" ಎಂದು ಕೈ ಹಿಡಿದೇ ಒಳಗೆ ಕರೆದೊಯ್ಯುತ್ತಾರೆ. ಉಂಗುರ ಕೊಕ್ಕೆಗೇರುತ್ತದೆ. ಮೊದಲ ಔಷಧಿಗೆ ನಾಳ ಬಿಗಿದು ಪರದೆಯ ಗೆರೆ ಏರುತ್ತದೆ. ಸಡಿಲಿಸುವ ಎರಡನೆಯ ಔಷಧಿಯ ಹನಿ ಬೀಳುತ್ತದೆ. ಗೆರೆ ಕದಲುವುದಿಲ್ಲ. ನಿಜಾಮುದ್ದೀನ್ ಕಿರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಾರೆ. ಆಮೇಲೆ ಗೆರೆ ಮೆಲ್ಲಗೆ ಬಾಗಿ, ಅರ್ಧದಷ್ಟು ಇಳಿದು ನಿಲ್ಲುತ್ತದೆ.

"ಪೂರ್ತಿ ಇಳೀಲಿಲ್ಲ. ನಾನೇ ಕೆಡಿಸ್ಬುಟ್ನಾ ಬೇಟಾ?"

"ಇಲ್ಲ ಚಾಚಾ. ವಯಸ್ಸಾದ ಕುರೀದು ಇಷ್ಟೇ ಇಳಿಯೋದು. ನಂಗೆ ಬೇಕಾಗಿದ್ದೂ ಇದೇಯ. ಒಳಗಿನ ಪದರ ಕೆಟ್ಟಿದ್ರೆ ಒಂಚೂರೂ ಇಳೀತಿರಲಿಲ್ಲ" ಎಂದು ಚೈತನ್ಯ ಪ್ರಬಂಧದ ಒಂದು ಪುಟ ತೆಗೆಯುತ್ತಾರೆ. ಅಲ್ಲಿ ಮೂರು ಗೆರೆ. ಎಳೆಯದು ಪೂರ್ತಿ ಇಳಿದಿದೆ, ಮುದಿಯದು ಅರ್ಧ. ಮೂರನೆಯದು ಇಳಿದೇ ಇಲ್ಲ. "ಇದು ನೀವು ಒರೆಸಿ ಕಳಿಸಿದ್ದ ನಲವತ್ತೊಂದು. ಪದರ ಇಲ್ದೆ ಸುದ್ದಿ ಮುಟ್ಟಲ್ಲ ಅಂತ ತೋರ್ಸೋಕೆ ಇಂಥದ್ದು ಬೇಕೇ ಬೇಕು. ಅವತ್ತೂ ಹಲ್ಲಿನ ಲೆಕ್ಕ ಬರೆದಿದ್ರಲ್ಲ, ವಯಸ್ಸು ಗೊತ್ತಿತ್ತು, ಅದಕ್ಕೇ ಸೇರ್ಸೋಕಾಯ್ತು."

ನಿಜಾಮುದ್ದೀನ್ ಬಹಳ ಹೊತ್ತು ಆ ಮೂರನೆಯ ಗೆರೆಯನ್ನೇ ನೋಡುತ್ತಾರೆ. ಕಣ್ಣು ಒರೆಸಿಕೊಳ್ಳುವುದನ್ನು ನಾನು ನೋಡದವನಂತೆ ಇರುತ್ತೇನೆ. ಪೇಪರಿನಲ್ಲಿ ಏನು ಬರೆಯಲಿ ಎಂದು ಹೊರಡುವಾಗ ಕೇಳಿದರೆ, ಮೊಪೆಡ್ ಸ್ಟಾರ್ಟ್ ಮಾಡುತ್ತ ಹೇಳುತ್ತಾರೆ: "ಈಗ ಒರೆಸದೆ ಕೊಡ್ತಾನೆ ಅಂತ ಬರೀರಿ. ಒರೆಸಿದ್ದೂ ಬರೀರಿ ಸಾರ್, ಬುಡಬೇಡಿ. ಎರಡ್ನೂ ನಾನೇ ಮಾಡಿದ್ದು."